ನೋಯ್ಡಾದ ಆ ಮನೆ: ಖುಲಾಸೆಯಾದ ಮೇಲೂ ನಮ್ಮ ಅನುಮಾನ ಏಕೆ ಇಳಿಯುವುದಿಲ್ಲ?

ಮೈಸೂರಿನ ಓದುಗಿ

ಕಳೆದ ವಾರ ನೆಂಟರ ಮನೆಯ ನಾಮಕರಣದಲ್ಲಿ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದಾಗ ಮಾತು ಹೇಗೋ 2008ರಲ್ಲಿ ದೆಹಲಿ ಬಳಿಯ ನೋಯ್ಡಾದ ತನ್ನ ಮನೆಯಲ್ಲೇ ಕೊಲೆಯಾದ ಹದಿಮೂರು ವರ್ಷದ ಆರುಷಿ ತಲ್ವಾರ್ ಕಡೆಗೆ ತಿರುಗಿತು. ನಮ್ಮ ಮನೆತನದ ಹಿರಿಯರೊಬ್ಬರು, "ಹೆತ್ತವರೇ ಕೊಂದರು, ಕೈಯಲ್ಲಿ ದುಡ್ಡಿತ್ತು, ಹೊರಗೆ ಬಂದರು" ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಸುತ್ತಲಿದ್ದವರೆಲ್ಲ ತಲೆಯಾಡಿಸಿದರು. ಅಲಹಾಬಾದ್ ಹೈಕೋರ್ಟ್ 2017ರ ಅಕ್ಟೋಬರ್ 12ರಂದು ಆರುಷಿಯ ತಂದೆತಾಯಿ, ದಂತವೈದ್ಯರಾದ ರಾಜೇಶ್ ಮತ್ತು ನೂಪುರ್ ತಲ್ವಾರ್ ಇಬ್ಬರನ್ನೂ ಖುಲಾಸೆ ಮಾಡಿದೆಯಲ್ಲ ಎಂದು ನಾನು ನೆನಪಿಸಿದಾಗ, "ಸಾಕ್ಷಿ ಸಿಗಲಿಲ್ಲ, ಅಷ್ಟೇ" ಎಂಬ ಉತ್ತರ ಬಂತು.

ಆ ಉತ್ತರಕ್ಕೆ ನಾನು ಏನೂ ಹೇಳಲಾಗಲಿಲ್ಲ, ಏಕೆಂದರೆ 2008ರ ಬೇಸಿಗೆಯಲ್ಲಿ ನಾನೂ ಅದೇ ಮಾತನ್ನು ಆಡಿದ್ದೆ. ಆಗ ನನ್ನ ಮಗಳಿಗೆ ಹನ್ನೊಂದು ವರ್ಷ. ಸಂಜೆಯಾದರೆ ಟಿವಿಯ ಮುಂದೆ ಕುಳಿತು, ಪತಿ ಜೈಲಿನಲ್ಲಿದ್ದಾಗ ಆ ತಾಯಿ ಸಂದರ್ಶನ ಕೊಡುವುದನ್ನು ನೋಡಿ, "ಇವಳ ಕಣ್ಣಲ್ಲಿ ಒಂದು ಹನಿ ನೀರಿಲ್ಲವಲ್ಲ" ಎಂದು ಪಕ್ಕದ ಮನೆಯವರೊಂದಿಗೆ ಹೇಳಿದ್ದು ಚೆನ್ನಾಗಿ ನೆನಪಿದೆ. ನನ್ನ ಅನುಮಾನಕ್ಕಿದ್ದ ಆಧಾರ ಅದೊಂದೇ. ಬೇರೇನೂ ನನಗೆ ತಿಳಿದಿರಲಿಲ್ಲ.

ಕೊಲೆ ಮಾಡಿದವರು ಯಾರೆಂದು ಇಂದಿಗೂ ಸಾಬೀತಾಗದ ಒಂದು ಪ್ರಕರಣದಲ್ಲಿ ನಾವೆಲ್ಲ ಇಷ್ಟು ಖಚಿತವಾಗಿ ಮಾತನಾಡುವ ಧೈರ್ಯ ಎಲ್ಲಿಂದ ಬಂತು ಎಂಬುದು ನನ್ನ ಪ್ರಶ್ನೆ. ಬಲ್ಲವರು ತಿಳಿಸಿ.

ನೇರ ಮಾತು

ಅಕ್ಕ, ಭಾವನೆಯನ್ನು ಬದಿಗಿಟ್ಟು ಲೆಕ್ಕ ನೋಡೋಣ. ಆ ರಾತ್ರಿ ಮನೆಯಲ್ಲಿ ನಾಲ್ವರಿದ್ದರು. ಬೆಳಗಾಗುವಷ್ಟರಲ್ಲಿ ಇಬ್ಬರು ಸತ್ತಿದ್ದರು, ಇಬ್ಬರು ಬದುಕಿದ್ದರು. ಪಕ್ಕದ ಕೋಣೆಯಲ್ಲಿ ಮಗಳ ಕತ್ತು ಕೊಯ್ಯುತ್ತಿದ್ದರೂ ತಂದೆತಾಯಿಗೆ ಎಚ್ಚರವಾಗಲಿಲ್ಲ ಎಂದರೆ ನಂಬುವುದು ಹೇಗೆ? ಜನ ಅನುಮಾನಪಟ್ಟದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ.

ಹಾಸನದ ವಕೀಲ

"ನೇರ ಮಾತು" ಅವರ ಲೆಕ್ಕವನ್ನೇ ಗಾಜಿಯಾಬಾದಿನ ಸಿಬಿಐ ವಿಶೇಷ ನ್ಯಾಯಾಲಯವೂ ಹಾಕಿತು. ಮನೆಯೊಳಗೆ ನಡೆದದ್ದು ಮನೆಯಲ್ಲಿದ್ದವರಿಗೇ ಗೊತ್ತಿರುತ್ತದೆ, ಆದ್ದರಿಂದ ಅವರೇ ವಿವರಣೆ ಕೊಡಬೇಕು ಎಂಬ ಭಾರತೀಯ ಸಾಕ್ಷ್ಯ ಅಧಿನಿಯಮದ 106ನೆಯ ಕಲಮಿನ ಆಧಾರದ ಮೇಲೆ 2013ರ ನವೆಂಬರ್ 25ರಂದು ಇಬ್ಬರನ್ನೂ ತಪ್ಪಿತಸ್ಥರೆಂದು ಘೋಷಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಆದರೆ ಆ ಕಲಮು ಕೆಲಸ ಮಾಡಬೇಕಾದರೆ ಮೊದಲು ಒಂದು ಮೆಟ್ಟಿಲು ಹತ್ತಬೇಕು: ಹೊರಗಿನವರು ಒಳಗೆ ಬರಲು ಸಾಧ್ಯವಿರಲಿಲ್ಲ ಎಂಬುದನ್ನು ಪ್ರಾಸಿಕ್ಯೂಷನ್ ಸಾಬೀತುಪಡಿಸಬೇಕು. ಅದು ಸಾಬೀತಾಗುವವರೆಗೆ "ನಾಲ್ವರೇ ಇದ್ದರು" ಎಂಬುದು ಕೇವಲ ಊಹೆ.

ಆ ರಾತ್ರಿ ಕೊಲೆಯಾದ ಇನ್ನೊಬ್ಬ, ಮನೆಗೆಲಸದ ಹೇಮರಾಜನ ಕೋಣೆಗೆ ಎರಡು ಬಾಗಿಲುಗಳಿದ್ದವು. ಒಂದು ಮನೆಯೊಳಕ್ಕೆ ತೆರೆದುಕೊಳ್ಳುತ್ತಿತ್ತು. ಇನ್ನೊಂದು ಮನೆಯ ಮುಂಬಾಗಿಲಿನ ಹೊರಭಾಗಕ್ಕೆ. ಅಂದರೆ ಮನೆಯ ಮುಖ್ಯ ಬಾಗಿಲನ್ನು ಮುಟ್ಟದೆಯೇ ಅವನ ಕೋಣೆಗೆ ಯಾರಾದರೂ ಬಂದುಹೋಗಬಹುದಿತ್ತು. ಬೆಳಿಗ್ಗೆ ಮನೆಗೆಲಸಕ್ಕೆ ಬಂದ ಹೆಂಗಸು ಬಾಗಿಲಿನ ಬಗ್ಗೆ ಕೊಟ್ಟ ಹೇಳಿಕೆಯನ್ನು ಕೆಳ ನ್ಯಾಯಾಲಯ ಪೂರ್ತಿ ನಂಬಿತು. ಹೈಕೋರ್ಟ್ ಮಾತ್ರ ಅದು ಹೇಳಿಕೊಟ್ಟ ಸಾಕ್ಷ್ಯವೆಂದು ಬದಿಗಿಟ್ಟಿತು.

ಸಾಂದರ್ಭಿಕ ಸಾಕ್ಷ್ಯವನ್ನು ಮಾತ್ರ ನಂಬಿದ ಮೊಕದ್ದಮೆಯಲ್ಲಿ ಪ್ರತಿ ಕೊಂಡಿಯೂ ಸಾಬೀತಾಗಿ, ಸರಪಳಿ ಆರೋಪಿಯ ಕಡೆಗೆ ಮಾತ್ರ ಕೈತೋರಬೇಕು, ಬೇರೆ ಯಾವ ವಿವರಣೆಗೂ ಎಡೆಯಿರಬಾರದು ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ 1984ರಲ್ಲಿ ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದಲ್ಲಿಯೇ ಹೇಳಿದೆ. ಅನುಮಾನ ಎಷ್ಟೇ ದಟ್ಟವಾಗಿದ್ದರೂ ಅದು ಪುರಾವೆಯ ಜಾಗದಲ್ಲಿ ಕೂರಲಾರದು. ನಾನು ಇಪ್ಪತ್ತೆರಡು ವರ್ಷಗಳಿಂದ ಕಕ್ಷಿದಾರರಿಗೆ ಹೇಳುತ್ತಿರುವುದೂ ಇದನ್ನೇ.

ಕುಂದಾಪುರದವನು

ಒಂದು ಸಂಗತಿ ನನಗೆ ಅರ್ಥವಾಗುವುದಿಲ್ಲ. ಮಗುವಿನ ಶವದ ಜೊತೆಯಲ್ಲೇ ಹೇಮರಾಜನ ಶವವೂ ಸಿಕ್ಕಿತ್ತಲ್ಲವೇ? ಹಾಗಿದ್ದ ಮೇಲೆ ಪೊಲೀಸರು ಅವನ ಮೇಲೆಯೇ ಅನುಮಾನಪಟ್ಟಿದ್ದು ಏಕೆ?

ನಿವೃತ್ತ ಎಎಸ್‌ಐ

ಇಲ್ಲ, ಜೊತೆಯಲ್ಲಿ ಸಿಗಲಿಲ್ಲ. ಈ ಪ್ರಕರಣ ಹಾಳಾದದ್ದೇ ಅಲ್ಲಿ. 2008ರ ಮೇ 16ರ ಬೆಳಿಗ್ಗೆ ನೋಯ್ಡಾ ಸೆಕ್ಟರ್ 25ರ ಜಲವಾಯು ವಿಹಾರದ ಆ ಮನೆಯಲ್ಲಿ ಸಿಕ್ಕದ್ದು ಮಗುವಿನ ಶವ ಒಂದೇ. ಮನೆಗೆಲಸದ ಹೇಮರಾಜ ಕಾಣಿಸಲಿಲ್ಲ. ಕಾಣಿಸಲಿಲ್ಲ ಎಂದ ಮಾತ್ರಕ್ಕೆ ಅವನೇ ಕೊಲೆಗಾರ ಎಂದು ಎಲ್ಲರೂ ತೀರ್ಮಾನಿಸಿದರು. ಅವನ ಸುಳಿವು ಕೊಟ್ಟವರಿಗೆ 20,000 ರೂಪಾಯಿ ಬಹುಮಾನವನ್ನೂ ಪೊಲೀಸರು ಘೋಷಿಸಿದರು. ಮೇಲಿನ ತಾರಸಿಗೆ ಹೋಗುವ ಬಾಗಿಲಿಗೆ ಬೀಗವಿತ್ತು, ಬಾಗಿಲಿನ ಮೇಲೆ ರಕ್ತದ ಕಲೆಯೂ ಇತ್ತು. ಆದರೂ ಆ ದಿನ ಬೀಗ ಒಡೆಯಲಿಲ್ಲ. ಮರುದಿನ, ಮೇ 17ರಂದು ಒಡೆದಾಗ ಹೇಮರಾಜನ ಶವ ಅಲ್ಲಿತ್ತು. ಮೇ ತಿಂಗಳ ಉತ್ತರ ಭಾರತದ ಬಿಸಿಲಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಅದು ಅಲ್ಲಿಯೇ ಬಿದ್ದಿತ್ತು.

ನಾನು ಮೂವತ್ನಾಲ್ಕು ವರ್ಷ ಇಲಾಖೆಯಲ್ಲಿದ್ದವನು. ಕೊಲೆ ನಡೆದ ಮನೆಗೆ ಹೋದ ಕಾನ್ಸ್‌ಟೇಬಲ್ ಮೊದಲು ಮಾಡಬೇಕಾದದ್ದು ಒಂದೇ ಕೆಲಸ: ಬಾಗಿಲಲ್ಲಿ ನಿಂತು ಯಾರನ್ನೂ ಒಳಗೆ ಬಿಡದಿರುವುದು. ಬೆರಳಚ್ಚಿನವರು, ಛಾಯಾಗ್ರಾಹಕ, ಶ್ವಾನದಳ, ಆಮೇಲೆ ಪಂಚರನ್ನು ಕರೆದು ಸ್ಥಳ ಮಹಜರು, ಪ್ರತಿ ವಸ್ತುವಿಗೂ ಬೇರೆ ಪೊಟ್ಟಣ, ಚೀಟಿ, ಅರಗಿನ ಮೊಹರು, ಈ ಕ್ರಮ ತಪ್ಪಿದರೆ ಮುಂದೆ ಯಾವ ದೊಡ್ಡ ಸಂಸ್ಥೆ ಬಂದರೂ ಸರಿಪಡಿಸಲಾಗದು. ಆ ಮನೆಯಲ್ಲಿ ಬೆಳಿಗ್ಗೆಯಿಂದಲೇ ನೆಂಟರು, ನೆರೆಯವರು, ಪತ್ರಕರ್ತರು ಒಳಗೂ ಹೊರಗೂ ಓಡಾಡಿದರು. ಊಟದ ಮೇಜಿನ ಮೇಲಿದ್ದ ಮದ್ಯದ ಬಾಟಲಿಯ ಮೇಲೆ ಸತ್ತ ಇಬ್ಬರ ರಕ್ತವೂ ಇತ್ತು. ಅಂತಹ ವಸ್ತುವಿದ್ದ ಮನೆಯಲ್ಲಿ ಜನರು ಹಾಗೆ ನಡೆದಾಡಿದ್ದನ್ನು ನೆನೆದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ಒಂದು ಬೀಗವನ್ನು ಮೇ 16ರಂದೇ ಒಡೆದಿದ್ದರೆ ತನಿಖೆ ಬೇರೆಯೇ ದಾರಿ ಹಿಡಿಯುತ್ತಿತ್ತು ಎಂಬುದು ನನ್ನ ನಂಬಿಕೆ. ಪುರಾವೆ ಕಳೆದುಹೋದ ಜಾಗವನ್ನು ಗಾಳಿಮಾತು ತುಂಬಿತು.

ಕುಂದಾಪುರದವನು

ತಿದ್ದಿದ್ದಕ್ಕೆ ಧನ್ಯವಾದಗಳು ಸರ್. ಇಷ್ಟು ವರ್ಷ ತಪ್ಪಾಗಿಯೇ ತಿಳಿದುಕೊಂಡಿದ್ದೆ.

ನೇರ ಮಾತು

ಎಎಸ್‌ಐ ಸಾಹೇಬರೇ, ಪೊಲೀಸರು ತಪ್ಪು ಮಾಡಿದರು ಎಂಬುದನ್ನು ಒಪ್ಪುತ್ತೇನೆ. ಆದರೆ ಪೊಲೀಸರ ತಪ್ಪು ತಂದೆತಾಯಿಯ ನಿರಪರಾಧಿತ್ವಕ್ಕೆ ಪುರಾವೆಯಾಗುವುದಿಲ್ಲ. ತಾರಸಿಯ ಬೀಗದ ಕೀಲಿಯ ವಿಚಾರದಲ್ಲಿ ಅವರು ಅಷ್ಟೊಂದು ಉದಾಸೀನರಾಗಿದ್ದರು ಎಂಬ ದೂರೂ ಇತ್ತಲ್ಲ?

ನಿವೃತ್ತ ಎಎಸ್‌ಐ

ಹೌದು, ಆ ದೂರು ಇತ್ತು. ಆದರೆ ಮಗಳ ಶವ ಕೋಣೆಯಲ್ಲಿರುವಾಗ ಕೀಲಿ ಹುಡುಕುವ ಕೆಲಸ ತಂದೆಯದೋ, ಪೊಲೀಸರದೋ? ಕೀಲಿ ಸಿಗದಿದ್ದರೆ ಒಡೆಯಲು ಒಂದು ಸುತ್ತಿಗೆ ಸಾಕಿತ್ತು. ಮರುದಿನ ಒಡೆದದ್ದೂ ಹಾಗೆಯೇ.

ಧಾರವಾಡದ ಮಗಳು

ಅಳುವಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. 1998ರಲ್ಲಿ ನಮ್ಮ ಅಣ್ಣ ಕಾಲುವೆಗೆ ಬಿದ್ದು ತೀರಿಕೊಂಡ. ಅವನಿಗೆ ಹದಿನೇಳು ವರ್ಷ. ಅಂಗಳದಲ್ಲಿ ಅವನನ್ನು ಮಲಗಿಸಿದ್ದಾಗ ಹಾಲಿನವನು ಬಂದು ವಿಷಯ ತಿಳಿದು ಹಿಂದೆ ಸರಿದು ನಿಂತ. ಅಂದು ತಿಂಗಳ ಮೊದಲ ತಾರೀಖು. ನಮ್ಮ ಅವ್ವ ಒಳಗೆ ಹೋಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲು ಬಾರದ ದಿನಗಳ ಗುರುತು ಎಣಿಸಿ, ಅಷ್ಟು ಹಣ ಕಳೆದು, ಉಳಿದದ್ದನ್ನು ತಂದು ಅವನ ಕೈಗೆ ಕೊಟ್ಟಳು. ಒಂದು ಹನಿ ಕಣ್ಣೀರು ಬರಲಿಲ್ಲ. ಸುತ್ತ ನೆರೆದಿದ್ದ ಹೆಂಗಸರು ಅದನ್ನು ನೋಡಿದರು. ಅದಾದ ಮೇಲೆ ಹತ್ತು ವರ್ಷ ನಮ್ಮ ಓಣಿಯಲ್ಲಿ ಅವ್ವನ ಹೆಸರು ಬಂದಾಗಲೆಲ್ಲ "ಮಗನ ಹೆಣದ ಮುಂದೆ ಹಾಲಿನ ಲೆಕ್ಕ ಮಾಡಿದಾಕೆ" ಎಂಬ ಮಾತು ಜೊತೆಯಲ್ಲೇ ಬರುತ್ತಿತ್ತು.

ಅವ್ವ ಏಕೆ ಹಾಗೆ ಮಾಡಿದಳೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅಣ್ಣನ ಸಾವಿನಲ್ಲಿ ಯಾವ ಅನುಮಾನವೂ ಇರದಿದ್ದದ್ದರಿಂದ ಆ ಮಾತು ಓಣಿಯಲ್ಲೇ ಉಳಿಯಿತು. ಅದೊಂದು ಕೊಲೆಯಾಗಿದ್ದು, ಅಂಗಳದಲ್ಲಿ ನಾಲ್ಕು ಕ್ಯಾಮೆರಾಗಳಿದ್ದಿದ್ದರೆ ನಮ್ಮ ಅವ್ವನ ಗತಿ ಏನಾಗುತ್ತಿತ್ತು ಎಂಬುದನ್ನು ನೂಪುರ್ ತಲ್ವಾರ್ ಅವರನ್ನು ಟಿವಿಯಲ್ಲಿ ನೋಡಿದ ದಿನದಿಂದ ಯೋಚಿಸುತ್ತಿದ್ದೇನೆ.

ಮೈಸೂರಿನ ಓದುಗಿ

ಇದನ್ನು ಎರಡು ಸಲ ಓದಿದೆ. ನಿಮ್ಮ ಓಣಿಯ ಹೆಂಗಸರಲ್ಲಿ ನಾನೂ ಒಬ್ಬಳಾಗಿದ್ದೆ ಎನಿಸಿತು. ಕ್ಷಮಿಸಿ ತಂಗಿ.

ಕಲಬುರಗಿ ಮೇಷ್ಟ್ರು

ಜನರ ಅನುಮಾನ ತಾನಾಗಿ ಹುಟ್ಟಲಿಲ್ಲ, ಅಧಿಕಾರದ ಕುರ್ಚಿಯಲ್ಲಿದ್ದವರೇ ಹುಟ್ಟಿಸಿದರು ಎಂಬುದನ್ನು ಮರೆಯಬಾರದು. ತಂದೆಯನ್ನು ಬಂಧಿಸಿದ ಮೇ 23ರಂದು ಉತ್ತರ ಪ್ರದೇಶದ ಐಜಿ ದರ್ಜೆಯ ಪೊಲೀಸ್ ಅಧಿಕಾರಿಯೊಬ್ಬರು ಪತ್ರಿಕಾಗೋಷ್ಠಿ ಕರೆದು, ಸತ್ತ ಮಗುವಿನ ನಡತೆಯ ಮೇಲೂ ತಂದೆಯ ನಡತೆಯ ಮೇಲೂ ಕ್ಯಾಮೆರಾಗಳ ಮುಂದೆ ಆರೋಪ ಹೊರಿಸಿದರು. ಆರುಷಿ ಎನ್ನುವ ಬದಲು "ಶ್ರುತಿ" ಎಂದರು. ಅವಳ ಹೆಸರನ್ನೂ ಸರಿಯಾಗಿ ತಿಳಿಯದವರು ಅವಳ ನಡತೆಯನ್ನು ದೇಶಕ್ಕೆ ವಿವರಿಸಿದರು. ಮರುದಿನ ಮೇ 24. ಬದುಕಿದ್ದರೆ ಅಂದು ಅವಳಿಗೆ ಹದಿನಾಲ್ಕು ತುಂಬುತ್ತಿತ್ತು. ಆಗ ಕೇಂದ್ರದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾಗಿದ್ದ ರೇಣುಕಾ ಚೌಧರಿ ಬಹಿರಂಗವಾಗಿ ಖಂಡಿಸಿದರು, ಅಧಿಕಾರಿಯ ವರ್ಗಾವಣೆಯಾಯಿತು, ತನಿಖೆ ಸಿಬಿಐಗೆ ಹೋಯಿತು. ಸುಪ್ರೀಂ ಕೋರ್ಟ್ ಕೂಡ ಆ ವರ್ಷವೇ ಈ ವಿಷಯದಲ್ಲಿ ಎಚ್ಚರದಿಂದ ವರದಿ ಮಾಡುವಂತೆ ಮಾಧ್ಯಮಗಳಿಗೆ ಹೇಳಿತು. ಆದರೆ ಆಡಿದ ಮಾತು ಆಗಲೇ ಮನೆಮನೆಯನ್ನು ಹೊಕ್ಕಿತ್ತು.

ನಾನು ಎಂಟನೆಯ ತರಗತಿಗೆ ಪಾಠ ಮಾಡುತ್ತಿದ್ದ ಕಾಲವದು. ಆ ಮಗುವಿನ ವಯಸ್ಸಿನ ಹೆಣ್ಣುಮಕ್ಕಳೇ ನನ್ನ ಮುಂದೆ ಕುಳಿತಿರುತ್ತಿದ್ದರು. ಶಿಕ್ಷಕರ ಕೋಣೆಯಲ್ಲಿ ನಮ್ಮ ಸಹೋದ್ಯೋಗಿಗಳು ಆ ಸುದ್ದಿಯನ್ನು ಬಾಯಿ ಚಪ್ಪರಿಸಿ ಮಾತನಾಡುವುದನ್ನು ಕೇಳಲಾರದೆ ನಾನು ಹೊರಗೆ ಹೋಗಿ ಮರದ ಕೆಳಗೆ ನಿಲ್ಲುತ್ತಿದ್ದೆ. ಬಾಯಿ ಮುಚ್ಚಿ ಎಂದು ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ.

ವೇದಿಕೆಯ ನಿರ್ವಾಹಕರು

ಮಗುವಿನ ನಡತೆಯ ಬಗ್ಗೆ ಆಗ ಹರಡಿದ್ದ ಆರೋಪಗಳನ್ನು ವಿವರಿಸಿ ಬರೆದಿದ್ದ ಎರಡು ಪ್ರತಿಕ್ರಿಯೆಗಳನ್ನು ತೆಗೆದುಹಾಕಲಾಗಿದೆ. ಖಂಡಿಸುವ ಉದ್ದೇಶದಿಂದಲಾದರೂ ಅವನ್ನು ಇಲ್ಲಿ ಮತ್ತೆ ಬರೆಯಬೇಡಿ.

ಬೆಂಗಳೂರು ದಕ್ಷಿಣ

ಈ ಪ್ರಕರಣಕ್ಕೂ ನಮ್ಮ ಊರಿಗೂ ಒಂದು ನಂಟಿದೆ. ಸಿಬಿಐನ ಮೊದಲ ತಂಡ 2008ರ ಜೂನ್‌ನಲ್ಲಿ ತಲ್ವಾರ್ ಅವರ ಕ್ಲಿನಿಕ್ಕಿನ ಸಹಾಯಕನನ್ನು ಮಂಪರು ಪರೀಕ್ಷೆಗೆಂದು ಕರೆತಂದದ್ದು ಬೆಂಗಳೂರಿಗೆ. ಔಷಧ ಕೊಟ್ಟು ಅರೆಪ್ರಜ್ಞೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಅವನು ಹೇಳಿದ್ದೆನ್ನಲಾದ ಉತ್ತರಗಳು ಟಿವಿಯಲ್ಲಿ ಧಾರಾವಾಹಿಯಂತೆ ಬಂದವು. ಅವನ ಜೊತೆಗೆ ಇನ್ನಿಬ್ಬರು ಮನೆಗೆಲಸದ ಯುವಕರೂ ಬಂಧಿತರಾದರು. ತೊಂಬತ್ತು ದಿನಗಳಲ್ಲಿ ಆರೋಪಪಟ್ಟಿ ಸಲ್ಲಿಸಲಾಗದೆ ಮೂವರೂ ಬಿಡುಗಡೆಯಾದರು.

ಎರಡು ವರ್ಷಗಳ ಮೇಲೆ, 2010ರ ಮೇ 5ರಂದು, ಸುಪ್ರೀಂ ಕೋರ್ಟ್ "ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ" ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ನಕ್ಷೆಯ ಪರೀಕ್ಷೆ ನಡೆಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತಪಡಿಸಬಾರದು ಎಂಬ ಸಂವಿಧಾನದ 20(3)ನೆಯ ವಿಧಿಯೇ ಅದಕ್ಕೆ ಆಧಾರ. ಆದರೂ ನಮ್ಮ ನೆನಪಿನಲ್ಲಿ ಉಳಿದಿರುವುದು ತೀರ್ಪಲ್ಲ, ಹಾಸಿಗೆಯ ಮೇಲೆ ತೊದಲುತ್ತಿದ್ದ ಆ ಯುವಕನ ಚಿತ್ರ.

ಸತ್ಯಶೋಧಕ

ಹಾಗಾದರೆ ಕೊಲೆಗಾರರು ಆ ಸಹಾಯಕರೇ ಇರಬೇಕು. ದಿಂಬಿನ ಚೀಲದ ವಿಷಯ ಯಾರೂ ಹೇಳುತ್ತಿಲ್ಲವಲ್ಲ! ಅವರಲ್ಲೊಬ್ಬನ ಕೋಣೆಯಲ್ಲಿ ಸಿಕ್ಕ ನೇರಳೆ ಬಣ್ಣದ ದಿಂಬಿನ ಚೀಲದ ಮೇಲೆ ಹೇಮರಾಜನ ಡಿಎನ್‌ಎ ಇತ್ತು ಎಂದು ಹೈದರಾಬಾದಿನ ಪ್ರಯೋಗಾಲಯವೇ ವರದಿ ಕೊಟ್ಟಿತ್ತು. ಇಷ್ಟು ಸಾಲದೇ?

ಹಾಸನದ ವಕೀಲ

ಸಾಲದು. ಹೈದರಾಬಾದಿನ ಸಿಡಿಎಫ್‌ಡಿ ಪ್ರಯೋಗಾಲಯದ 2008ರ ವರದಿಯಲ್ಲಿ ಹಾಗಿದ್ದದ್ದು ನಿಜ. 2011ರಲ್ಲಿ ಆ ಅಂಶದತ್ತ ರಕ್ಷಣಾ ಪಕ್ಷದವರು ಬೊಟ್ಟು ಮಾಡಿದಾಗ, ಎರಡು ವಸ್ತುಗಳ ವಿವರ ಅದಲುಬದಲಾಗಿದೆ, ಅದು ವರದಿ ಟೈಪ್ ಮಾಡುವಾಗ ಆದ ತಪ್ಪು, ರಕ್ತವಿದ್ದದ್ದು ಹೇಮರಾಜನದೇ ದಿಂಬಿನ ಮೇಲೆ ಎಂದು ಸಿಬಿಐ ಹೇಳಿತು. ಪ್ರಯೋಗಾಲಯವೂ ಹಾಗೆಂದು ಪತ್ರ ಕೊಟ್ಟಿತು. ಎಎಸ್‌ಐ ಅವರು ಹೇಳಿದ ಪೊಟ್ಟಣ, ಚೀಟಿಗಳ ಮಹತ್ವ ಇಲ್ಲಿ ಕಾಣುತ್ತದೆ. ಎರಡು ಕೊಲೆಗಳ ತನಿಖೆಯಲ್ಲಿ ಒಂದು ಚೀಟಿ ಯಾವ ಬಟ್ಟೆಗೆ ಸೇರಿದ್ದು ಎಂಬುದೇ ಮೂರು ವರ್ಷಗಳ ನಂತರ ವಾದದ ವಸ್ತುವಾದರೆ, ಆ ಬಟ್ಟೆಯಿಂದ ಯಾರನ್ನು ಶಿಕ್ಷಿಸುವುದು, ಯಾರನ್ನು ಬಿಡುವುದು? ಆ ಮೂವರ ವಿರುದ್ಧ ಯಾವ ನ್ಯಾಯಾಲಯದಲ್ಲೂ ಆರೋಪ ಸಾಬೀತಾಗಿಲ್ಲ. ತಂದೆತಾಯಿಗೆ ಸಲ್ಲುವ ನ್ಯಾಯ ಅವರಿಗೂ ಸಲ್ಲಬೇಕು.

ಮನೆಗೆಲಸದವಳ ಮಗ

"ಸತ್ಯಶೋಧಕ" ಅವರ ಮಾತಿಗೆ ವಕೀಲರು ಕಾನೂನಿನ ಉತ್ತರ ಕೊಟ್ಟಿದ್ದಾರೆ. ನನ್ನ ಉತ್ತರ ಬೇರೆ.

ನಮ್ಮ ತಾಯಿ ಬೆಂಗಳೂರಿನಲ್ಲಿ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ ನನ್ನನ್ನು ಓದಿಸಿದರು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ಮನೆಯಲ್ಲಿ ಚಿನ್ನದ ಓಲೆ ಕಾಣೆಯಾಯಿತು. ಅಮ್ಮ ಅಂದು ಜ್ವರವೆಂದು ಕೆಲಸಕ್ಕೆ ಹೋಗಿರಲಿಲ್ಲ. ಹೋಗದಿದ್ದದ್ದೇ ಅನುಮಾನಕ್ಕೆ ಕಾರಣವಾಯಿತು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಠಾಣೆಯ ನೆಲದ ಮೇಲೆ ಕೂರಿಸಿದರು. ಮೂರನೆಯ ದಿನ ಆ ಓಲೆ ಇಸ್ತ್ರಿಗೆ ಕೊಟ್ಟ ಬಟ್ಟೆಯ ಗಂಟಿನಲ್ಲಿ ಸಿಕ್ಕಿತು. ಮನೆಯವರು ಅಮ್ಮನನ್ನು ಮತ್ತೆ ಕೆಲಸಕ್ಕೆ ಕರೆದರು. ಓಲೆ ಸಿಕ್ಕಿತೆಂದು ಠಾಣೆಗೆ ಹೋಗಿ ಯಾರೂ ಹೇಳಲಿಲ್ಲ. ಮುಂದೆ ಆ ಬೀದಿಯಲ್ಲಿ ಏನು ಕಳುವಾದರೂ ಪೊಲೀಸರು ಮೊದಲು ಬರುತ್ತಿದ್ದದ್ದು ನಮ್ಮ ಮನೆಗೆ.

ಹೇಮರಾಜ ಕಾಣಿಸಲಿಲ್ಲ, ಆದ್ದರಿಂದ ಅವನೇ ಕೊಲೆಗಾರ. ಅವನೂ ಕೊಲೆಯಾಗಿದ್ದಾನೆ ಎಂದು ತಿಳಿದ ಮೇಲೆ ತಂದೆ ಕೊಲೆಗಾರ. ತಂದೆಯ ಮೇಲೆ ಪುರಾವೆ ಸಿಗದಿದ್ದಾಗ ಮತ್ತೆ ಮನೆಗೆಲಸದವರು. ಅವರ ಮೇಲೂ ಸಿಗದಿದ್ದಾಗ ಮತ್ತೆ ತಂದೆತಾಯಿ. ಇಲ್ಲಿಯೂ ನೋಡಿ, ತಂದೆತಾಯಿಯ ಪರವಾಗಿ ನಾಲ್ಕು ಒಳ್ಳೆಯ ಮಾತು ಬಂದ ಕೂಡಲೇ ಬಡವರ ಮಕ್ಕಳ ಕಡೆಗೆ ಬೆರಳು ತಿರುಗಿತು. ಯಾರಾದರೊಬ್ಬರು ಸಿಗಲೇಬೇಕು ಎಂಬ ಹಟ ನಮಗೇಕೆ? ಯಾರೆಂದು ಸಾಬೀತಾಗಿಲ್ಲ ಎಂಬ ಮಾತನ್ನು ಹೇಳಿ ಸುಮ್ಮನಿರುವುದು ಅಷ್ಟು ಕಷ್ಟವೇ?

ಸತ್ಯಶೋಧಕ

ನಾನು ಆ ಅರ್ಥದಲ್ಲಿ ಬರೆಯಲಿಲ್ಲ ಎಂದು ಹೇಳಲು ಹೊರಟಿದ್ದೆ, ಆದರೆ ಮತ್ತೆ ಓದಿದಾಗ ಬರೆದದ್ದು ಅದೇ ಅರ್ಥದಲ್ಲಿ ಎಂದು ತಿಳಿಯಿತು. ಮಾತನ್ನು ಹಿಂದಕ್ಕೆ ಪಡೆಯುತ್ತೇನೆ.

ಡೆನ್ವರಿನ ಕನ್ನಡಿಗ

ನಾನು ಇಪ್ಪತ್ತು ವರ್ಷಗಳಿಂದ ಅಮೆರಿಕದ ಕೊಲರಾಡೊದಲ್ಲಿದ್ದೇನೆ. ಇಲ್ಲಿಗೆ ಹತ್ತಿರದ ಬೋಲ್ಡರ್ ಎಂಬ ಊರಿನಲ್ಲಿ 1996ರ ಡಿಸೆಂಬರ್ 26ರಂದು ಜಾನ್‌ಬೆನೆ ರ್‍ಯಾಮ್ಸೆ ಎಂಬ ಆರು ವರ್ಷದ ಬಾಲಕಿ ತನ್ನ ಮನೆಯ ನೆಲಮಾಳಿಗೆಯಲ್ಲಿ ಕೊಲೆಯಾಗಿ ಸಿಕ್ಕಳು. ನಿಮ್ಮ ಚರ್ಚೆಯನ್ನು ಓದುತ್ತಿದ್ದರೆ ಎರಡೂ ಮನೆಗಳು ಒಂದೇ ಎನಿಸುತ್ತದೆ. ಅಲ್ಲಿಯೂ ಬೆಳಿಗ್ಗೆ ಪೊಲೀಸರು ಬಂದರು, ಸ್ನೇಹಿತರು ತುಂಬಿಕೊಂಡರು, ಮನೆಯನ್ನು ಪೂರ್ತಿ ಹುಡುಕಲಿಲ್ಲ. 1,18,000 ಡಾಲರ್ ಕೇಳಿದ ಎರಡೂವರೆ ಪುಟದ ಒತ್ತೆಹಣದ ಪತ್ರ ಸಿಕ್ಕಿದ್ದರಿಂದ ಮಗುವನ್ನು ಯಾರೋ ಹೊತ್ತೊಯ್ದಿದ್ದಾರೆ ಎಂದು ಎಲ್ಲರೂ ನಂಬಿ ಕುಳಿತರು. ನೋಯ್ಡಾದಲ್ಲಿ ತಲೆಯ ಮೇಲಿನ ತಾರಸಿ, ಬೋಲ್ಡರಿನಲ್ಲಿ ಕಾಲ ಕೆಳಗಿನ ನೆಲಮಾಳಿಗೆ. ಮಧ್ಯಾಹ್ನ ಶವವನ್ನು ಕಂಡು ಮೇಲಕ್ಕೆ ಎತ್ತಿ ತಂದದ್ದು ತಂದೆಯೇ. ಆ ಕ್ಷಣಕ್ಕೇ ಪುರಾವೆ ಕೆಟ್ಟಿತು, ಆ ಕಾರಣಕ್ಕೇ ಅವರ ಮೇಲೆ ಅನುಮಾನವೂ ಹೆಚ್ಚಿತು.

ತಾಯಿ 2006ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. 2008ರ ಜುಲೈನಲ್ಲಿ ಬೋಲ್ಡರಿನ ಜಿಲ್ಲಾ ಅಟಾರ್ನಿ (ಸರ್ಕಾರದ ಪರವಾಗಿ ಮೊಕದ್ದಮೆ ನಡೆಸುವವರು), ಮಗುವಿನ ಬಟ್ಟೆಯ ಮೇಲೆ ಸಿಕ್ಕ ಡಿಎನ್‌ಎ ಕುಟುಂಬದ ಯಾರದೂ ಅಲ್ಲವೆಂದು ತಿಳಿಸಿ ಕುಟುಂಬಕ್ಕೆ ಕ್ಷಮೆಯ ಪತ್ರ ಬರೆದರು. ಆ ಪತ್ರ ಬರೆದದ್ದು ಸರಿಯೇ ಎಂಬ ವಾದವೂ ಇಲ್ಲಿ ನಡೆಯಿತು. ಪತ್ರ ಬಂದಾಗ ಆ ತಾಯಿ ಸತ್ತು ಎರಡು ವರ್ಷಗಳಾಗಿದ್ದವು. ನನ್ನ ಕಚೇರಿಯ ಸಹೋದ್ಯೋಗಿಗಳಲ್ಲಿ ಅರ್ಧ ಜನ ಈಗಲೂ ಅವಳ ಹೆಸರನ್ನೇ ಹೇಳುತ್ತಾರೆ.

ನೇರ ಮಾತು

ಡೆನ್ವರಿನವರೇ, ಅಲ್ಲಿ ಗ್ರ್ಯಾಂಡ್ ಜ್ಯೂರಿ, ಅಂದರೆ ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ, ಹೆತ್ತವರ ಮೇಲೆ ಆರೋಪ ಹೊರಿಸಬೇಕೆಂದಿತ್ತು ಎಂದು ಓದಿದ್ದೇನೆ. ಅದನ್ನು ಬಿಟ್ಟಿರೇಕೆ?

ಡೆನ್ವರಿನ ಕನ್ನಡಿಗ

ಬಿಡಬಾರದಿತ್ತು, ಒಪ್ಪುತ್ತೇನೆ. 1999ರಲ್ಲಿ ಗ್ರ್ಯಾಂಡ್ ಜ್ಯೂರಿ ಹಾಗೆ ಮತ ಹಾಕಿತ್ತು. ಅಂದಿನ ಜಿಲ್ಲಾ ಅಟಾರ್ನಿ, ಸಂದೇಹಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸುವಷ್ಟು ಸಾಕ್ಷ್ಯವಿಲ್ಲವೆಂದು ಸಹಿ ಹಾಕಲಿಲ್ಲ. ಆ ಸಂಗತಿ 2013ರವರೆಗೆ ಹೊರಗೆ ಬರಲಿಲ್ಲ. ನಿಮ್ಮ ಅನುಮಾನಕ್ಕೂ ನನ್ನ ಮಾತಿಗೂ ಎರಡಕ್ಕೂ ಅದರಲ್ಲಿ ಆಧಾರವಿದೆ. ಅದಕ್ಕೇ ಇಂತಹ ಪ್ರಕರಣಗಳು ಮುಗಿಯುವುದಿಲ್ಲ.

ಕಲಬುರಗಿ ಮೇಷ್ಟ್ರು

ನೋಯ್ಡಾದ ವಿಷಯದಲ್ಲಿ ಇನ್ನೊಂದು ವಿಚಿತ್ರವಿದೆ. 2010ರ ಡಿಸೆಂಬರ್ 29ರಂದು ಸಿಬಿಐನ ಎರಡನೆಯ ತಂಡ, ತಂದೆಯ ಮೇಲೆ ಅನುಮಾನವಿದೆ, ಆದರೆ ಮೊಕದ್ದಮೆ ಹೂಡುವಷ್ಟು ಪುರಾವೆಯಿಲ್ಲ ಎಂದು ಮುಕ್ತಾಯದ ವರದಿ ಸಲ್ಲಿಸಿತು. ಪ್ರಕರಣ ಮುಚ್ಚಬೇಡಿ ಎಂದು ಆ ವರದಿಯನ್ನು ಪ್ರಶ್ನಿಸಿದವರು ತಂದೆತಾಯಿಯೇ. ಆ ಕೆಲಸಕ್ಕೆ ನ್ಯಾಯಾಲಯಕ್ಕೆ ಬಂದಿದ್ದಾಗಲೇ, 2011ರ ಜನವರಿ 25ರಂದು, ಅಪರಿಚಿತ ಯುವಕನೊಬ್ಬ ನ್ಯಾಯಾಲಯದ ಆವರಣದಲ್ಲಿ ರಾಜೇಶ್ ತಲ್ವಾರ್ ಅವರ ಮೇಲೆ ಮಚ್ಚು ಬೀಸಿ ಮುಖ ಮತ್ತು ಕೈಗಳನ್ನು ಸೀಳಿದ. ಹದಿನೈದು ದಿನಗಳ ಮೇಲೆ, ಫೆಬ್ರವರಿ 9ರಂದು, ಮುಚ್ಚಲು ಕೊಟ್ಟಿದ್ದ ಅದೇ ವರದಿಯನ್ನು ಆಧಾರವಾಗಿಟ್ಟುಕೊಂಡು ಮ್ಯಾಜಿಸ್ಟ್ರೇಟರು ತಂದೆತಾಯಿ ಇಬ್ಬರನ್ನೂ ಆರೋಪಿಗಳೆಂದು ಕರೆಸಿದರು.

"ನೇರ ಮಾತು" ಅವರೇ, ತಪ್ಪು ಮಾಡಿದವರು ಮುಚ್ಚಿಹೋಗುತ್ತಿದ್ದ ಪ್ರಕರಣವನ್ನು ತಾವಾಗಿಯೇ ಕೆದಕುತ್ತಾರೆಯೇ ಎಂಬುದನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹಾಸನದ ವಕೀಲ

ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ, ಆ ತರ್ಕವೂ ಬೇಡ. ಕೆದಕಿದರು ಎಂಬುದನ್ನು ನಿರಪರಾಧಿತ್ವಕ್ಕೆ ಸಾಕ್ಷಿ ಮಾಡಿದರೆ, ಅಳಲಿಲ್ಲ ಎಂಬುದನ್ನು ಅಪರಾಧಕ್ಕೆ ಸಾಕ್ಷಿ ಮಾಡಿದವರಿಗೂ ನಮಗೂ ವ್ಯತ್ಯಾಸ ಉಳಿಯುವುದಿಲ್ಲ. ಹೈಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ಕೆ. ನಾರಾಯಣ ಮತ್ತು ಎ.ಕೆ. ಮಿಶ್ರಾ ಅವರು ಮಾಡಿದ್ದು ಇದಕ್ಕಿಂತ ನೀರಸವಾದ ಕೆಲಸ. ಗಾಲ್ಫ್ ಕೋಲಿನಿಂದ ಹೊಡೆದು ಶಸ್ತ್ರಚಿಕಿತ್ಸೆಯ ಕತ್ತಿಯಿಂದ ಕೊಯ್ದರು ಎಂಬುದು ಸಾಬೀತಾಯಿತೇ ಎಂದು ನೋಡಿದರು, ಆಗಿರಲಿಲ್ಲ. ಹೇಮರಾಜನನ್ನು ಮಗುವಿನ ಕೋಣೆಯಲ್ಲಿಯೇ ಕೊಂದರು ಎಂಬುದಕ್ಕೆ ಪುರಾವೆಯಿದೆಯೇ ಎಂದು ನೋಡಿದರು, ಇರಲಿಲ್ಲ. ಹೊರಗಿನವರು ಬಂದಿರುವ ಸಾಧ್ಯತೆ ಪೂರ್ತಿ ಅಳಿಯಿತೇ ಎಂದು ನೋಡಿದರು, ಅಳಿದಿರಲಿಲ್ಲ. ಕೆಳ ನ್ಯಾಯಾಧೀಶರು ಉತ್ತರವನ್ನು ಮೊದಲೇ ಇಟ್ಟುಕೊಂಡು ಗಣಿತದ ಮೇಷ್ಟ್ರ ಹಾಗೆ ಲೆಕ್ಕ ಬಿಡಿಸಿದ್ದಾರೆ ಎಂಬ ಅರ್ಥದ ಕಟು ಮಾತನ್ನೂ ನ್ಯಾಯಮೂರ್ತಿ ಮಿಶ್ರಾ ಬರೆದರು.

ಓದುಗಿ ಅಕ್ಕನವರಿಗೆ ನಾಮಕರಣದ ಮನೆಯಲ್ಲಿ ಸಿಕ್ಕ "ಸಾಕ್ಷಿ ಸಿಗಲಿಲ್ಲ, ಅಷ್ಟೇ" ಎಂಬ ಉತ್ತರದ ಬಗ್ಗೆ ಒಂದು ಮಾತು. ಯಾರು ಮಾಡಿದರೆಂದು ತಿಳಿಯಲು ನಮಗಿರುವ ದಾರಿ ಸಾಕ್ಷಿಯೊಂದೇ. ಅದು ಸಿಗಲಿಲ್ಲ ಎಂದ ಮೇಲೆ ಆ ಹಿರಿಯರಿಗೆ ಮಾತ್ರ ತಿಳಿದದ್ದು ಹೇಗೆ ಎಂದು ಅವರನ್ನೇ ಕೇಳಿ ನೋಡಿ.

ಕಲಬುರಗಿ ಮೇಷ್ಟ್ರು

ಒಪ್ಪಿದೆ ವಕೀಲರೇ. ನನ್ನ ಕೊನೆಯ ಪ್ಯಾರಾವನ್ನು ಹಿಂದಕ್ಕೆ ಪಡೆದಿದ್ದೇನೆ ಎಂದು ತಿಳಿಯಿರಿ.

ನೇರ ಮಾತು

ನಾನು ಪೂರ್ತಿ ಒಪ್ಪಿಲ್ಲ. ಆ ರಾತ್ರಿ ಪಕ್ಕದ ಕೋಣೆಗೆ ಏನೂ ಕೇಳಿಸಲಿಲ್ಲ ಎಂಬುದು ನನ್ನ ಗಂಟಲಿನಲ್ಲಿ ಈಗಲೂ ಸಿಕ್ಕಿಕೊಂಡಿದೆ; ಹವಾನಿಯಂತ್ರಣ ಯಂತ್ರ ಓಡುತ್ತಿತ್ತು, ಬಾಗಿಲು ಮುಚ್ಚಿತ್ತು ಎಂಬ ವಿವರಣೆ ನನಗೆ ಸಾಕೆನಿಸುವುದಿಲ್ಲ. ಆದರೆ "ಅವರೇ ಕೊಂದರು" ಎಂಬ ವಾಕ್ಯವನ್ನು ಇನ್ನು ಮುಂದೆ ನಾನು ಆಡುವುದಿಲ್ಲ. ನನಗೆ ಒಂದು ಪ್ರಶ್ನೆಯಿದೆ ಎನ್ನುವುದೇ ಬೇರೆ, ನನಗೆ ಉತ್ತರ ಗೊತ್ತಿದೆ ಎನ್ನುವುದೇ ಬೇರೆ. ಮನೆಗೆಲಸದವಳ ಮಗ ಬರೆದದ್ದನ್ನು ಓದಿದ ಮೇಲೆ ಇಷ್ಟನ್ನು ಹೇಳದೆ ಹೋಗಲು ಮನಸ್ಸಾಗಲಿಲ್ಲ.

ಮೈಸೂರಿನ ಓದುಗಿ

ವಕೀಲರು ಹೇಳಿದಂತೆ ನಿನ್ನೆ ಸಂಜೆ ಆ ಹಿರಿಯರಿಗೆ ಫೋನ್ ಮಾಡಿದೆ. ನಮ್ಮ ದೊಡ್ಡಪ್ಪನ ವಯಸ್ಸಿನವರು, ವಾದಕ್ಕಿಳಿಯಲು ನನಗೆ ಇಷ್ಟವಿರಲಿಲ್ಲ. ನಿಮಗೆ ಹೇಗೆ ತಿಳಿಯಿತು ಎಂದು ಮಾತ್ರ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲರೂ ಹಾಗೆಯೇ ಹೇಳುತ್ತಿದ್ದರಲ್ಲಮ್ಮ" ಎಂದರು. ಮಾತು ಮುಂದುವರಿದಾಗ ನಾನು ಹೇಮರಾಜನ ಹೆಸರೆತ್ತಿದೆ. ಆ ಹೆಸರು ಅವರಿಗೆ ನೆನಪಿರಲಿಲ್ಲ. ತಾರಸಿಯ ಬೀಗದ ಸಂಗತಿಯನ್ನು ವಿವರಿಸಿದೆ. ಅವರು ಪೂರ್ತಿ ಕೇಳಿ, "ಅವನಿಗೂ ಹೆಂಡತಿ ಮಕ್ಕಳು ಇದ್ದರೇನಮ್ಮ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು.

ನಿವೃತ್ತ ಎಎಸ್‌ಐ

ಇದ್ದರು. ಹೆಂಡತಿ ಮತ್ತು ಮಗ, ನೇಪಾಳದ ಹಳ್ಳಿಯಲ್ಲಿ. ಹೈಕೋರ್ಟಿನ ಖುಲಾಸೆಯನ್ನು ಪ್ರಶ್ನಿಸಿ ಸಿಬಿಐ 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅದಕ್ಕಿಂತ ಮೂರು ತಿಂಗಳು ಮೊದಲೇ, 2017ರ ಡಿಸೆಂಬರ್‌ನಲ್ಲಿ, ಆ ಹೆಣ್ಣುಮಗಳು ಅಲ್ಲಿಗೆ ಅರ್ಜಿ ಹಾಕಿಕೊಂಡಿದ್ದಳು. ತಂದೆತಾಯಿ ಕೊಲ್ಲಲಿಲ್ಲ ಎನ್ನುವುದಾದರೆ ತನ್ನ ಗಂಡನನ್ನು ಕೊಂದವರು ಯಾರು ಎಂಬುದು ಅವಳ ಅಳಲಾಗಿತ್ತು. ನಿಮ್ಮ ಆ ಹಿರಿಯರಿಗೆ ಇದನ್ನು ತಿಳಿಸಿ.